ಪ್ಲಾಸ್ಟಿಕ್ ಗಿಡ ಹೂ ಬಿಟ್ಟದ್ದು

ಪ್ಲಾಸ್ಟಿಕ್ ಗಿಡ ಹೂ ಬಿಡೋದು ಯಾವಾಗ? ಹೇಳಿ ನೋಡೋಣ. ಆಗಲ್ಲ ಬಿಡಿ. ಊರಿಗೆಲ್ಲ ಉತ್ತರ ಹೇಳಿಕೊಟ್ಟ ಶಿವನಂಜಪ್ಪ ಮೇಷ್ಟ್ರಿಗೇ ಆಗಲಿಲ್ಲ, ಇನ್ನು ನಿಮಗೆ!

ಬಸ್ ಸ್ಟ್ಯಾಂಡ್ ಹಿಂದೆ ದೇವೀರಮ್ಮನ ನರ್ಸರಿ. ಅವಳು ಮಾರುವುದು ದಪ್ಪ ಎಲೆಯ ಗಿಡಗಳನ್ನು. ಲೋಳೆಸರ, ಕಾಡುಬಸಳೆ, ಬಿಳಿ ಪಟ್ಟೆಯ ಜೀಬ್ರಾ ಗಿಡ. ಅವುಗಳಿಗೆ ಎಲೆಯೇ ನೀರಿನ ಕೊಡ. ಒಂದು ದಿನ ರಿಟೈರಾದ ಮೇಷ್ಟ್ರು ಬಂದು, ಕೊಳೆತ ಜೀಬ್ರಾ ಗಿಡವನ್ನು ಅವಳ ಮುಂದೆ ಕುಕ್ಕಿದರು. ಅದು ಮೂರನೆಯದು.

"ಸಾಯೋ ಗಿಡ ಮಾರ್ತೀಯೇನೇ ದೇವೀರಿ? ದಿನಾ ಬೆಳಿಗ್ಗೆ ಆರಕ್ಕೆ ಒಂದು ಚೊಂಬು ನೀರು ಹಾಕಿದ್ದೀನಿ. ಒಂದು ದಿನ ತಪ್ಪಿಸಿಲ್ಲ!"

"ಅದಕ್ಕೇ ಸತ್ತಿದೆ ಮೇಷ್ಟ್ರೇ. ಎಲೆ ಮುಟ್ಟಿ ನೋಡಿ. ಸುಕ್ಕಾಗಿದ್ದರೆ ಬಾಯಾರಿದೆ ಅಂತ, ಆಗ ಕೊಡಿ. ಗಟ್ಟಿಯಾಗಿದ್ದರೆ ಸುಮ್ಮನಿರಿ."

"ಏಳರ ಮಗ್ಗಿ ಬರದೆ ಬೆಂಚಿನ ಮೇಲೆ ನಿಂತವಳು, ನನಗೆ ಪಾಠ ಹೇಳ್ತೀಯಾ? ಇರು, ಬಡಾವಣೆ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ. ನಾಳೆಯಿಂದ ನಿನ್ನ ಅಂಗಡಿಗೆ ನೊಣವೂ ಬರಬಾರದು!"

ದೇವೀರಮ್ಮನ ಮೈಯೆಲ್ಲ ಉರಿಯಿತು. ಬೆಂಚಿನ ಮೇಲೆ ನಿಂತ ಕಾಲು ಮೂವತ್ತು ವರ್ಷದ ಮೇಲೂ ನೋಯುತ್ತಿತ್ತು. ಅಂಗಡಿ ಹೋದರೆ ಹೊಟ್ಟೆಗೆ ಮಣ್ಣೇ ಗತಿ. ಅವಳು ಇನ್ನೊಂದು ಜೀಬ್ರಾ ಗಿಡ ಎತ್ತಿದಳು. ಮಣ್ಣು ಕಾಣದ ಹಾಗೆ ಕುಂಡಕ್ಕೆ ಬಿಳಿ ಕಲ್ಲು ಸುರಿದು ಅವರ ಕೈಗೆ ತುರುಕಿದಳು.

"ತಗೊಳ್ಳಿ, ಇದು ಪ್ಲಾಸ್ಟಿಕ್ಕು. ಎರಡು ತಿಂಗಳಲ್ಲಿ ಇದನ್ನೂ ಸಾಯಿಸಿಬಿಡಿ ನೋಡೋಣ! ಸತ್ತರೆ ನಾನೇ ಅಂಗಡಿಗೆ ಬೀಗ ಹಾಕ್ತೀನಿ. ಅಲ್ಲೀತನಕ ಗ್ರೂಪಿಗೆ ಏನೂ ಹಾಕಬೇಡಿ."

ಮೇಷ್ಟ್ರು ಎಲೆ ಮುಟ್ಟಿಯೂ ನೋಡಲಿಲ್ಲ. ಮುಟ್ಟಿದ್ದರೆ ದೇವೀರಮ್ಮ ಅಲ್ಲೇ ಸಿಕ್ಕಿಬೀಳುತ್ತಿದ್ದಳು. ಕುಂಡವನ್ನು ಕಿಟಕಿ ಪಕ್ಕ ಇಟ್ಟು ಮರೆತೇಬಿಟ್ಟರು. ಶುಕ್ರವಾರ ಶುಕ್ರವಾರ ಅವರ ಹೆಂಡತಿ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದ್ದೇ ಆರೈಕೆ. ಇತ್ತ ದೇವೀರಮ್ಮ ಒಂದೊಂದು ದಿನವನ್ನೂ ಬೆರಳಲ್ಲಿ ಎಣಿಸುತ್ತಿದ್ದಳು.

ಎರಡು ತಿಂಗಳಿಗೆ ಮೇಷ್ಟ್ರು ಕುಂಡ ಹಿಡಿದು ಏದುಸಿರು ಬಿಡುತ್ತಾ ಬಂದರು. ಗಿಡದ ನಡುವಿನಿಂದ ಉದ್ದ ಕಡ್ಡಿ ಎದ್ದಿತ್ತು. ಕಡ್ಡಿಯಲ್ಲಿ ಪುಟ್ಟ ಪುಟ್ಟ ಬಿಳಿ ಹೂ.

"ಮೋಸಗಾತಿ! ಪ್ಲಾಸ್ಟಿಕ್ ಅಂತ ಹೇಳಿ ಜೀವ ಇರೋ ಗಿಡ ಕೊಟ್ಟಿದ್ದೀಯ!"

"ಹೌದು ಮೇಷ್ಟ್ರೇ. ಜೀವ ಇದೆ ಅಂತ ಗೊತ್ತಾಗಿದ್ದರೆ ನೀವು ಉಳಿಸ್ತಿದ್ರಾ?"

ಮೇಷ್ಟ್ರು ತಲೆ ತಗ್ಗಿಸಿದರು. "ತಪ್ಪಾಯ್ತು ಕಣಮ್ಮ. ಗಿಡದ ವಿಷಯದಲ್ಲೂ, ನಿನ್ನ ವಿಷಯದಲ್ಲೂ" ಅಂದರು.

ನೀತಿ: ಎಲ್ಲ ಕುಂಡಕ್ಕೂ ಒಂದೇ ಚೊಂಬು ಅಳತೆಯಲ್ಲ. ಮುಟ್ಟಿ ನೋಡದೆ ಸುರಿದವರು, ಕೊಳೆತ ಮೇಲೆ ಗಿಡವನ್ನು ಬೈಯಬಾರದು.

ಇನ್ನೊಂದು ಮಾತು. ಆ "ತಪ್ಪಾಯ್ತು" ನಾನು ಸೇರಿಸಿದ್ದು. ಮೇಷ್ಟ್ರು ಮಾಡಿದ್ದು ಇಷ್ಟೇ: ಹೂವಿನ ಫೋಟೋ ಗ್ರೂಪಿಗೆ ಹಾಕಿ "ನಾನೇ ಬೆಳೆಸಿದ್ದು" ಅಂತ ಬರೆದರು. ಅದನ್ನು ನೋಡಿ ಜನ ಗಿಡ ಕೇಳಿಕೊಂಡು ಬಂದರು, ಅಂಗಡಿ ಉಳಿಯಿತು. ಆದರೆ ಬೆಂಚಿನ ಮೇಲೆ ನಿಲ್ಲಿಸಿದವರು ತಪ್ಪಾಯ್ತು ಅಂದದ್ದನ್ನು ನಾನಂತೂ ಈವರೆಗೆ ಕೇಳಿಲ್ಲ. ಅದಕ್ಕೇ, ಕಥೆಯಲ್ಲಾದರೂ ಅನ್ನಿಸಿಬಿಟ್ಟೆ.