ಕೊಟ್ರೇಶ ಬಾಯಿ ಮುಚ್ಚಿ ಪಾಠ ಮಾಡಿದ್ದು

ಕತೆ ಹೇಳಿ ನನಗೆ ರೂಢಿಯಿಲ್ಲ. ಹೇಳುವುದರಲ್ಲಿ ಹೆಚ್ಚುಕಮ್ಮಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದೂರಲ್ಲಿ ಕೊಟ್ರೇಶ ಅಂತ ಒಬ್ಬ. ಅವನ ಅವ್ವ ಹಾಲಮ್ಮ, ಹಿಟ್ಟಿನ ಗಿರಣಿಯಲ್ಲಿ ಕೆಲಸ. ಕೊಟ್ರೇಶ ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಒಳ್ಳೇ ಗುಣವೇ, ಆದರೆ ಅದನ್ನು ಎಲ್ಲಿ ಮಾಡಬೇಕು ಅನ್ನುವುದು ತಿಳಿಯುತ್ತಿರಲಿಲ್ಲ. ಅವನು ಮೇಷ್ಟ್ರಾಗುವ ತರಬೇತಿಗೆ ಸೇರಿದ್ದ. ಚಿಕ್ಕ ಮಕ್ಕಳಿಗೆ ಓದು ಬರಹ ಕಲಿಸಿ ತೋರಿಸುವ ಪರೀಕ್ಷೆಯಲ್ಲಿ ಹೋದ ವರ್ಷ ಫೇಲು. ಈ ಸಲವೂ ಫೇಲಾದರೆ ತರಬೇತಿಯಿಂದಲೇ ಹೊರಗೆ.

"ನೋಡು ತಮ್ಮಾ," ಅಂದಳು ಹಾಲಮ್ಮ, "ನನಗಂತೂ ಓದು ಬರಲಿಲ್ಲ. ನೀನು ನಾಕು ಮಕ್ಕಳಿಗೆ ಕಲಿಸಿದರೆ ನನಗದೇ ಸಮಾಧಾನ. ಮೇಡಂ ಹೇಳಿದಂಗ ಮಾಡು."

"ಆಗಲಿ ಅವ್ವಾ."

ಮೊದಲ ದಿನ ಕತೆ ಓದುವ ಪಾಠ. ಕೊಟ್ರೇಶ ಚಿತ್ರದ ಪುಸ್ತಕವನ್ನು ತನ್ನ ಮೂಗಿಗೆ ಹಿಡಿದು ಓದಿದ. ಮಕ್ಕಳಿಗೆ ಕಂಡದ್ದು ಬರೀ ರಟ್ಟು. ತರಬೇತಿ ಕೊಡುವ ವಿಶಾಲಾಕ್ಷಿ ಮೇಡಂ ಬೈದರು. "ಕತೆ ನಿನಗೋ ಅವರಿಗೋ? ಕೈಯಲ್ಲಿರೋದನ್ನ ಮಕ್ಕಳ ಕಡೆ ತಿರುಗಿಸಿ ಹಿಡೀಬೇಕಪ್ಪಾ."

"ಆಗಲಿ ಮೇಡಂ."

ಮರುದಿನ ಮೊರದಲ್ಲಿ ರಾಗಿ ಹರವಿ, ಬೆರಳಿಂದ ಅಕ್ಷರ ತೀಡುವ ಪಾಠ. ರಾಗಿ ಅವ್ವ ಕೊಟ್ಟದ್ದು. ಕೊಟ್ರೇಶ ಚೆಂದವಾಗಿ ಒಂದು 'ರ' ತೀಡಿದ. ಮೇಡಂ ಮಾತು ನೆನಪಾಯಿತು. ಮೊರವನ್ನು ಎತ್ತಿ ಮಕ್ಕಳ ಕಡೆ ತಿರುಗಿಸಿ ಹಿಡಿದ. ಪುಸ್ತಕದ ಅಕ್ಷರ ಉದುರುವುದಿಲ್ಲ, ರಾಗಿಯ ಅಕ್ಷರ ಉದುರುತ್ತದೆ. ಹಾಗಾಗಿ ಎಲ್ಲ ನೆಲದ ಪಾಲಾಯಿತು.

"ಮೊರ ಕೆಳಗಿಟ್ಟು, ಒಂದೊಂದೇ ಮಗುವನ್ನ ಕರೆದು, ಬೆರಳು ಹಿಡಿದು ಕಲಿಸಬಾರದೇನೋ?"

"ಆಗಲಿ ಮೇಡಂ."

ಮೂರನೇ ದಿನ ಚಪ್ಪಾಳೆಯ ಹಾಡು. ಎಲ್ಲರೂ ಕೂಡಿ ತಟ್ಟುತ್ತ ಹಾಡಬೇಕು. ಕೊಟ್ರೇಶ ಒಂದೊಂದೇ ಮಗುವನ್ನು ಕರೆದು, ಬೆರಳು ಬಿಗಿಯಾಗಿ ಹಿಡಿದು ಹಾಡಿದ.

"ಸಾರ್, ಬೆರಳು ಬಿಟ್ರೆ ಚಪ್ಪಾಳೆ ತಟ್ತೀನಿ," ಅಂದಿತು ಒಂದು ಹುಡುಗಿ.

"ಬಿಡೋ ಹಂಗಿಲ್ಲವ್ವಾ, ಮೇಡಂ ಹೇಳ್ಯಾರ."

ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು. "ಕೊಟ್ರೇಶ, ಇನ್ನು ನೀನು ಬಾಯಿ ಮುಚ್ಚಿಕೊಂಡಿರು. ಕಿವಿಗೆ ಬಿದ್ದ ಮಾತನ್ನ ಬೋರ್ಡಿನ ಮೇಲೆ ಬರೆದು ಓದಿಸು. ಆಡಿದ ಮಾತನ್ನೇ ಓದೋದು ಮಕ್ಕಳಿಗೆ ಸಲೀಸು."

"ಆಗಲಿ" ಅನ್ನಲಿಲ್ಲ ಕೊಟ್ರೇಶ. ಬಾಯಿ ಆಗಲೇ ಮುಚ್ಚಿತ್ತು.

ಪರೀಕ್ಷೆಯ ದಿನ ಬೇರೆ ಊರಿನ ಪರೀಕ್ಷಕರು ಬಂದರು. "ನಿಮ್ಮ ಹೆಸರೇನ್ರಿ?" ಅಂದರು. ಕೊಟ್ರೇಶ ತುಟಿ ಬಿಚ್ಚದೆ "ನಿಮ್ಮ ಹೆಸರೇನ್ರಿ" ಅಂತ ಬೋರ್ಡಿನ ಮೇಲೆ ಬರೆದು, ಕೋಲಿನಿಂದ ತೋರಿಸಿದ. ಮಕ್ಕಳು ಕೂಡಿ ಓದಿದವು.

"ಇವರಿಗೆ ಮಾತು ಬರಲ್ವೇ?"

ಅದನ್ನೂ ಬರೆದ. ಮಕ್ಕಳು ಓದಿದವು, ನಕ್ಕವು. ಆಮೇಲೆ "ನಮ್ಮನೆ ಎಮ್ಮೆ ಈಯ್ತು, ಬರೀರಿ ಸಾರ್," "ನಂದೂ ಬರೀರಿ ಸಾರ್," ಅಂತ ಮುಗಿಬಿದ್ದವು. ಬೋರ್ಡು ತುಂಬಿತು. ಪರೀಕ್ಷಕರು ಮೇಡಂ ಕಡೆ ತಿರುಗಿ, "ಇಷ್ಟು ಕಮ್ಮಿ ಮಾತಾಡೋ ಮೇಷ್ಟ್ರನ್ನ ನಾನೆಲ್ಲೂ ಕಂಡಿಲ್ಲ. ಪಾಸು," ಅಂದರು.

ಹಾಲಮ್ಮ ಬಾಗಿಲಲ್ಲೇ ಕಾದಿದ್ದಳು. "ಪಾಸಾದ್ಯೇನೋ ತಮ್ಮಾ?"

ಬಾಯಿ ತೆಗೆ ಅಂತ ಮೇಡಂ ಇನ್ನೂ ಹೇಳಿರಲಿಲ್ಲ. ಕೊಟ್ರೇಶ ಒಲೆಯಿಂದ ಇದ್ದಿಲು ತಂದು, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ದೊಡ್ಡದಾಗಿ ಬರೆದ: "ಪಾಸಾದ್ಯೇನೋ ತಮ್ಮಾ."

"ಅಯ್ಯೋ, ನನ್ನ ಗೋಡೆ. ಬಾಯಿಲಿ ಹೇಳಬಾರದೇನೋ?"

ಅದನ್ನೂ ಬರೆದ. ಬರೆದು, ಅವ್ವನ ಬೆರಳು ಹಿಡಿದು ಮೊದಲ ಸಾಲಿನ ಮೇಲೆ ಇಟ್ಟ. ಹಾಲಮ್ಮ ಬೈಯುವುದನ್ನು ನಿಲ್ಲಿಸಿದಳು. "ಪಾಸಾದ್ಯೇನೋ... ತಮ್ಮಾ," ಅಂತ ಓದಿದಳು. ಮತ್ತೆ ಅದನ್ನೇ ಓದಿದಳು. ಪಾಸಾದನೋ ಇಲ್ಲವೋ ಕೇಳುವುದೇ ಅವಳಿಗೆ ಮರೆತುಹೋಯಿತು.

ಇಲ್ಲಿ ತಿಳಿಯಬೇಕಾದ್ದು ಏನಪ್ಪಾ ಅಂದರೆ, ಅದು ಅವಳದೇ ಮಾತಾದ್ದರಿಂದ ಅವಳಿಗೆ ಓದಲು ಬಂತು. ಚಿಕ್ಕ ಮಕ್ಕಳೂ ಹಾಗೇ, ಮೊದಮೊದಲು ಅವು... ತಡೀರಿ, ಒಳಗಿಂದ ನನ್ನ ಹೆಂಡತಿ ಕೂಗ್ತಿದಾಳೆ... ಬಂದೆ ಕಣೇ, ಇದೊಂದು ಹೇಳಿ ಬಂದೆ... ಅವು ಮೊದಲು...