ಮಲ್ಲಿಗೆ ಎಂಬ ಹೆಬ್ಬಾವಿನ ಅಜೀರ್ಣ

ಒಂದಾನೊಂದು ಊರಿನಲ್ಲಿ, ಊರೆಂದರೆ ಭಾರೀ ಊರೇನಲ್ಲ, ಈ ಬಾಗಿಲಲ್ಲಿ ಸೀನಿದರೆ ಆ ಬಾಗಿಲಲ್ಲಿ 'ನೂರು ವರ್ಷ ಬಾಳಪ್ಪ' ಅನ್ನುವಷ್ಟು ಊರು, ಅಲ್ಲಿ ಗುಂಡಭೂಪಾಲ ಅನ್ನುವ ಅರಸನಿದ್ದ. ಅವನಿಗೆ ಹೆಂಡತಿ ಬೇಡ, ಮಕ್ಕಳು ಬೇಡ, ರಾಜ್ಯದ ಉಸಾಬರಿಯೂ ಬೇಡ. ಒಂದು ಹೆಬ್ಬಾವು ಸಾಕಿದ್ದ. ಅದರ ಹೆಸರು ಮಲ್ಲಿಗೆ.

ಅರಸ ದಿನಕ್ಕೆ ಏಳು ಸಲ ಉಣ್ಣುತ್ತಿದ್ದ. ಮಲ್ಲಿಗೆ ತಿಂಗಳಿಗೊಂದು ಹೆಗ್ಗಣ ನುಂಗುತ್ತಿತ್ತು. ಈ ವ್ಯತ್ಯಾಸ ಅರಸನಿಗೆ ಒಂದು ದಿನ ತಟ್ಟನೆ ಹೊಳೆಯಿತು. ಅವನಿಗೆ ಏನಾದರೂ ಹೊಳೆಯುವುದು ವರ್ಷಕ್ಕೊಮ್ಮೆ. ಹೊಳೆದ ವರ್ಷ ಊರಿಗೆ ಗ್ರಹಚಾರ.

"ಅಯ್ಯೋ, ನನ್ನ ಮಲ್ಲಿಗೆ ಉಪವಾಸ ಸಾಯುತ್ತಿದೆ!"

"ಸಾಯುತ್ತಿದೆ," ಅಂದ ಮಂತ್ರಿ ಸೋಮರಸಯ್ಯ. ಅರಸನ ಮಾತಿನ ಬಾಲ ಹಿಡಿದು ಇನ್ನೊಮ್ಮೆ ಹೇಳುವುದೇ ಅವನ ಮಂತ್ರಿಗಿರಿ.

ಹೋಳಿಗೆ ತಂದು ಬಾಯಿಗೆ ತುರುಕಿದರು. ಮಲ್ಲಿಗೆ ಕಕ್ಕಿತು. ಪಾಯಸ ಹುಯ್ದರು. ಕಕ್ಕಿತು. ಒಂದು ಇಡೀ ಕೋಳಿ ತುರುಕಿದರು. ಅರಸ ಮುದ್ದು ಬಂದು ಹಾವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕುಣಿದ. ಕಕ್ಕಿತು. ಕೋಳಿ ಎದ್ದು ರೆಕ್ಕೆ ಕೊಡವಿ, "ಒಳಗೆ ಜಾಗವಿಲ್ಲ, ಹೋದ ತಿಂಗಳ ಹೆಗ್ಗಣ ಇನ್ನೂ ಮಲಗಿದೆ" ಅಂತ ಹೇಳಿ ನಡೆದುಹೋಯಿತು. ಅರಮನೆಯಲ್ಲಿ ಕೋಳಿಯ ಮಾತು ಯಾರು ಕೇಳುತ್ತಾರೆ? ಅದಕ್ಕೆ ಪದವಿಯಿಲ್ಲ.

ಪದವಿಯಿದ್ದ ಹನ್ನೆರಡು ವೈದ್ಯರು ಬಂದರು. ಹೊಟ್ಟೆಗೆ ಲೇಪ ಹಚ್ಚಬೇಕು ಅಂದರು. ಹೊಟ್ಟೆ ಎಲ್ಲಿದೆ? ಆರು ಜನ "ಇದೆಲ್ಲ ಕುತ್ತಿಗೆ" ಅಂದರು. ಆರು ಜನ "ಇದೆಲ್ಲ ಬಾಲ" ಅಂದರು. ಹೊಟ್ಟೆಯೇ ಇಲ್ಲದ ಪ್ರಾಣಿ ಅಜೀರ್ಣ ಮಾಡಿಕೊಂಡದ್ದು ರಾಜದ್ರೋಹ ಅಂತ ಕೊನೆಗೆ ಹನ್ನೆರಡೂ ಮಂದಿ ಒಮ್ಮತಕ್ಕೆ ಬಂದು, ಶಾಲು ಹೊದಿಸಿಕೊಂಡು ಹೋದರು.

ಅರಸ ಗುಡುಗಿದ. "ಮಲ್ಲಿಗೆ ಉಣ್ಣುವ ತನಕ ಈ ಊರಲ್ಲಿ ಯಾರೂ ಉಣ್ಣಕೂಡದು. ನನ್ನನ್ನು ಬಿಟ್ಟು!"

"ನನ್ನನ್ನು ಬಿಟ್ಟು," ಅಂದ ಸೋಮರಸಯ್ಯ. ಮಾತಿನ ಬಾಲ ಆವತ್ತು ಅವನ ಕೈ ಹಿಡಿಯಿತು.

ಸೈನಿಕರು ಮನೆಮನೆಗೆ ಹೋಗಿ ಒಲೆಗೆ ನೀರು ಹುಯ್ದರು. ಮೂರನೆಯ ದಿನಕ್ಕೆ ಮಕ್ಕಳ ಅಳುವೂ ಸಣ್ಣಗಾಯಿತು. ಹೊಲದಲ್ಲಿ ಹೆಗ್ಗಣ ಹಿಡಿಯುವ ಮಂಚಮ್ಮನ ಮನೆಯಲ್ಲಿ ಮಗಳು ಬಾಣಂತಿ. ಅವಳ ಎದೆಹಾಲು ಬತ್ತಿತು. ಮಂಚಮ್ಮ ಕೂಸಿನ ಬಾಯಿಗೆ ನೀರು ಹನಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅರಮನೆಗೆ ನಡೆದಳು. ಬಿಲದ ಹೆಗ್ಗಣ ಕಂಡವಳಿಗೆ ಬಿಲದ ಹಾವೂ ಗೊತ್ತು. ಮಲ್ಲಿಗೆಯ ಮೈ ಮುಟ್ಟಿ ನೋಡಿದಳು.

"ಬುದ್ಧೀ, ಇದಕ್ಕೆ ಕಾಯಿಲೆ ಇಲ್ಲ, ನಿಮ್ಮ ಕಾಟ ಐತೆ. ತಣ್ಣನೆ ಕಲ್ಲಿನ ಮೇಲೆ ಮಲಗಿಸಿದ್ರೆ ಹೊಟ್ಟೆಯೊಳಗಿಂದು ಕರಗೋದು ಹೆಂಗೆ? ಬಿಸಿಲು ಬಂಡೆ ಮೇಲೆ ಬುಡಿ. ಯಾರೂ ಮುಟ್ಟಬ್ಯಾಡಿ. ಹಸಿವಾದಾಗ ಅದೇ ತಿಂತದೆ."

"ನಾನಿರುವಾಗ ನಾನು ಮುಟ್ಟದೆ ಇರುವುದು ಹೇಗೆ?"

"ಹಂಗಾರೆ ಇಲ್ದಂಗೆ ಇರಿ."

ಸಭೆ ಬೆರಗಾಯಿತು. ಅರಸನಿಗೂ ಇದು ಬಹಳ ಹಿಡಿಸಿತು. ಕೂಡಲೇ ಮುದ್ರೆಯೊತ್ತಿ ಡಂಗುರ ಹೊಡೆಸಿದ. "ಮಲ್ಲಿಗೆ ತಾನಾಗಿ ಉಣ್ಣುವ ತನಕ ಅರಸರು ಊರಲ್ಲಿಲ್ಲ! ಇದ್ದರೂ ಇಲ್ಲ! ಇದ್ದಾರೆ ಅಂದವರ ನಾಲಿಗೆ ಕುಯ್ಯಲಾಗುವುದು! ಮಲ್ಲಿಗೆ ಉಂಡ ಮೇಲೆ ಅರಸರೇ ಬಂದು ಈ ಆಜ್ಞೆಯನ್ನು ರದ್ದು ಮಾಡತಕ್ಕದ್ದು!"

ಮಲ್ಲಿಗೆಯನ್ನು ಬಂಡೆಯ ಮೇಲೆ ಬಿಟ್ಟರು. ಇಲ್ಲದ ಅರಸ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹಾವಿನ ಹೊಟ್ಟೆ ತಿವಿಯತೊಡಗಿದ. "ಕರಗಿತಾ? ಈಗ ಕರಗಿತಾ?"

ಮಂಚಮ್ಮ ಪಹರೆಯವನ ಕಡೆ ತಿರುಗಿದಳು. "ಅಣ್ಣಾ, ಈ ತಿವಿಯೋನು ಯಾರು?"

ಪಹರೆಯವನು ತನ್ನ ನಾಲಿಗೆಯನ್ನು ನೆನೆದ. "ಅರಸರಂತೂ ಅಲ್ಲ."

"ಮತ್ತೆ ಅರಸರ ಕಿರೀಟ ಇವನ ತಲೆ ಮೇಲೆ ಹೆಂಗೆ ಬಂತು?"

"ಕದ್ದಿರಬೇಕು."

"ಲೋ! ನಾನೇ ಕಣೋ ಅರಸ!"

"ಕೇಳುದ್ರಾ? ಅರಸರು ಇದ್ದಾರೆ ಅಂತಾವ್ನೆ. ನಾಲಿಗೆ ಕುಯ್ಯಿರಿ."

"ಕುಯ್ಯಿರಿ," ಅಂದ ಸೋಮರಸಯ್ಯ, ಅಭ್ಯಾಸಬಲದಿಂದ.

ಅರಸ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಕಿರೀಟ ಕಿತ್ತಿಟ್ಟುಕೊಂಡು, ಅವನನ್ನು ಮೂಟೆಯ ಹಾಗೆ ಹೊತ್ತು ಊರ ಗಡಿಯಾಚೆ ಎಸೆದು ಬಂದರು. ಉಣ್ಣಬೇಡಿ ಅಂದವನೇ ಊರಲ್ಲಿಲ್ಲ ಅಂತ ಮಂಚಮ್ಮ ಹೋಗಿ ಮೊದಲು ತನ್ನ ಒಲೆ ಹಚ್ಚಿದಳು. ಹಿಂದೆಯೇ ಊರಿಗೆ ಊರೇ ಹಚ್ಚಿತು. ಬಿಸಿ ಮುದ್ದೆ, ಬಸ್ಸಾರು ಉಂಡ ಬಾಣಂತಿ ಸಂಜೆಯ ಹೊತ್ತಿಗೆ ಕೂಸನ್ನು ಎದೆಗೆ ಹಾಕಿಕೊಂಡಳು. ಅದು ಚಪ್ಪರಿಸುವ ಸದ್ದು ಕೇಳಿ ಮಂಚಮ್ಮ ಗೋಡೆಗೊರಗಿ ಕೂತು ಸದ್ದಿಲ್ಲದೆ ಅತ್ತಳು.

ಎಂಟು ದಿನದ ಬಿಸಿಲಿಗೆ ಮಲ್ಲಿಗೆಯ ಹೊಟ್ಟೆಯೊಳಗಿನದು ಕರಗಿತು. ಹತ್ತನೆಯ ದಿನ ಮಂಚಮ್ಮ ಒಂದು ಹೆಗ್ಗಣ ಇಟ್ಟು ದೂರ ಸರಿದಳು. ಮಲ್ಲಿಗೆ ತಾನಾಗಿ ನುಂಗಿತು, ಸುರುಳಿ ಸುತ್ತಿ ಮಲಗಿತು.

ಸುದ್ದಿ ತಿಳಿದು ಅರಸ ಊರಬಾಗಿಲಿಗೆ ಓಡಿ ಬಂದ. "ಆಜ್ಞೆ ರದ್ದು ಮಾಡಬೇಕು, ಒಳಗೆ ಬಿಡಿ!"

"ರದ್ದಾದ ಮೇಲೆ ಬನ್ನಿ," ಅಂದ ಪಹರೆಯವನು.

"ನಾನು ಒಳಗೆ ಬಂದರಲ್ಲವೇ ರದ್ದಾಗುವುದು?"

"ರದ್ದಾದರಲ್ಲವೇ ನೀವು ಒಳಗೆ ಬರುವುದು?"

ಇದಕ್ಕೆ ಉತ್ತರ ಹುಡುಕುತ್ತಾ ಅವನು ಇನ್ನೂ ಅಲ್ಲೇ ನಿಂತಿದ್ದಾನಂತೆ. ಸೋಮರಸಯ್ಯನ ಪಾಡು? ಬಾಲ ಹಿಡಿಯಲು ಮಾತಿಲ್ಲದೆ ಕಂಗಾಲಾಗಿ, ಈಗ ಬಂಡೆಯ ಹತ್ತಿರ ಕೈಕಟ್ಟಿ ನಿಲ್ಲುತ್ತಾನೆ. ಹಾವು 'ಬುಸ್' ಅಂದರೆ ಅವನೂ 'ಬುಸ್' ಅನ್ನುತ್ತಾನೆ. ಸಂಬಳ ಅಷ್ಟೇ ಇದೆ.

ನೀತಿ ಬೇಕೇ? ಹಾವು ನುಂಗಿದ್ದು ಎಂಟು ದಿನಕ್ಕಾದರೂ ಕರಗುತ್ತದೆ, ದೊಡ್ಡವರ ದಡ್ಡತನ ಕರಗುವುದಿಲ್ಲ. ಕತೆ ಬಂಡೆ ಹತ್ತಿ ಮಲಗಿತು, ನೀವು ಎದ್ದು ಉಣ್ಣ ಹೋಗಿ.