ಬಯಕೆಯ ಬಾಡು

ಹೊಳೆಯ ದಂಡೆಯಲ್ಲಿ ದ್ಯಾವವ್ವ ಎಂಬ ಮುದುಕಿಯ ಗುಡಿಸಲು. ಬೇಟೆಗೆ ಕಟ್ಟುಪಾಡು ಇನ್ನೂ ಬಂದಿರದ ಕಾಲವದು. ಅವಳ ಗಂಡ ಬೇಟೆಗಾರ. ಅವನಿರುವ ತನಕ ಕಾಡಿನಿಂದ ಬಂದದ್ದನ್ನೆಲ್ಲ ಬೇಯಿಸಿ ಬಡಿಸಿದವಳು, ಅವನು ಹೋದ ಮೇಲೆ ಬಾಡು ಬಿಟ್ಟು, ಅಂಬಲಿ ಕುಡಿದುಕೊಂಡು, ಶಿವಾ ಎಂದು ಕೂತಿದ್ದಳು. ಜನ ಅವಳನ್ನು ಗುರು ಎಂದರು. ಅವಳು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಅವಳ ಶಿಷ್ಯರಲ್ಲಿ ಕೆಂಚ ಒಬ್ಬ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಬಂದು ಅಂಗಳ ಗುಡಿಸಿ, ಮನಸ್ಸನ್ನು ನಿಲ್ಲಿಸುವುದು ಹೇಗೆ ಎಂದು ಕೇಳುತ್ತಿದ್ದ. ಉತ್ತರ ಬರುವಷ್ಟರಲ್ಲಿ ಎದ್ದು ಹೋಗಿರುತ್ತಿದ್ದ.

ಒಂದು ಮಧ್ಯಾಹ್ನ ಅದೇ ಕೆಂಚ ಏದುಸಿರು ಬಿಡುತ್ತ ಓಡಿ ಬಂದ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಒಂದು ಪರಂಗಿಕಾಯಿ.

“ಅವ್ವಾ, ಕೆಟ್ಟೋಯ್ತು!”

“ಏನ್ಲಾ ಕೆಟ್ಟಿದ್ದು?”

“ಬಾಡು! ಕಡವೆ ಬಾಡು!”

ಸಂಗತಿ ಇಷ್ಟೇ. ಕೆಂಚನ ಹೆಂಡತಿ ಚೆಲುವಿ ಐದು ತಿಂಗಳ ಬಸುರಿ. ಒಂದು ತಿಂಗಳಿಂದ ಅವಳ ಹೊಟ್ಟೆಯಲ್ಲಿ ಮಜ್ಜಿಗೆ ಬಿಟ್ಟು ಬೇರೇನೂ ನಿಲ್ಲುತ್ತಿರಲಿಲ್ಲ. ಕಣ್ಣು ಗುಳಿಬಿದ್ದಿದ್ದವು, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕೆಂಚನಿಗೆ ಒಳಗೊಳಗೇ ಹೆದರಿಕೆ ಹತ್ತಿಕೊಂಡಿತ್ತು. ಅಂಥವಳು ಮೊನ್ನೆ ತಾನಾಗಿ ಬಾಯಿಬಿಟ್ಟು, ಕಡವೆ ಬಾಡು ತಿನ್ನಬೇಕು ಅನಿಸ್ತೈತೆ ಎಂದಿದ್ದಳು. ಸುದ್ದಿ ತಿಳಿದದ್ದೇ ತಡ, ಅವಳ ಅಣ್ಣ ಕಾಡಿಗೆ ಹೋಗಿ, ಈ ದಿನ ಬೆಳಿಗ್ಗೆ ಒಂದು ತೊಡೆ ತಂದು ಕೊಟ್ಟಿದ್ದ.

“ಕೊಟ್ಟ ತಕ್ಷಣ ಅರ್ಧ ಕುಯ್ದು ಬೇಯ್ಸಿದೆ ಕಣವ್ವ. ಇನ್ನೂ ಬೆಚ್ಚಗಿತ್ತು. ದನಿಯ, ಗಸಗಸೆ, ಚಕ್ಕೆ, ಲವಂಗ, ಒಂದನ್ನೂ ಬಿಡ್ಲಿಲ್ಲ. ಸೌದೆ ತುರುಕಿ ತುರುಕಿ ಉರಿ ಎಬ್ಬಿಸಿದೆ. ನೋಡಿದ್ರೆ ಹಿಂಗೆ!”

ದ್ಯಾವವ್ವ ಬಟ್ಟಲಿನಿಂದ ಒಂದು ತುಂಡು ತೆಗೆದು ಪಕ್ಕದ ಕಲ್ಲಿನ ಮೇಲೆ ಹಾಕಿದಳು. ಟಕ್ ಎಂದಿತು.

“ಚೆಲುವಿ ತಿಂದಳಾ?”

“ಬಾಯಿಗಿಟ್ಟು ಉಗಿದಳು. ಆಮೇಲೆ ಅತ್ತಳು.” ಕೆಂಚ ಬಟ್ಟಲು ಕೆಳಗಿಟ್ಟ. “ಇನ್ನರ್ಧ ಐತೆ. ಅದೂ ಕೆಟ್ರೆ ಮತ್ತೆ ಯಾವಾಗ ಸಿಕ್ತೈತೋ ಏನೋ. ಪಕ್ಕದ ಮನೆಯವ್ರು ಇದನ್ನ ತುರಿದು ಹಾಕು, ಕಲ್ಲೂ ಕರಗ್ತೈತೆ ಅಂದ್ರು.”

ಅವನು ಪರಂಗಿಕಾಯಿ ಎತ್ತಿ ತೋರಿಸಿದ.

ಅಷ್ಟು ಹೊತ್ತೂ ಅಲುಗಾಡದೆ ಕೂತಿದ್ದ ಮುದುಕಿ ದಡಕ್ಕನೆ ಎದ್ದಳು. ಕಾಯನ್ನು ಅವನ ಕೈಯಿಂದ ಕಿತ್ತು ಹೊಳೆಯ ನಡುವಿಗೆ ಎಸೆದಳು. ಎಪ್ಪತ್ತು ದಾಟಿದ ಕೈಯೆಂದು ಯಾರೂ ಹೇಳುವಂತಿರಲಿಲ್ಲ.

“ಬಸುರಿಗೆ ಪರಂಗಿಕಾಯಿ ತಿನ್ನಿಸ್ತೀಯೇನ್ಲಾ, ಬುದ್ಧಿಗೇಡಿ! ನಮ್ಮ ಕಡೆ ಯಾರಾದ್ರೂ ಕೊಟ್ಟಿದ್ದುಂಟಾ?”

ಕೆಂಚನ ಮುಖ ಬಿಳಿಚಿಕೊಂಡಿತು. ಬಾಡು ಮೆತ್ತಗಾಗಬೇಕು ಅನ್ನುವ ಒಂದೇ ಯೋಚನೆಯಲ್ಲಿ, ತಿನ್ನುವವಳು ಯಾರು ಅನ್ನುವುದನ್ನೇ ಮರೆತಿದ್ದ.

“ಹಂಗಾದ್ರೆ ಏನು ಮಾಡ್ಲಿ ಅವ್ವ?”

“ಕಡವೆ ಹುಟ್ಟಿದಾಗಿಂದ ಏನು ಮಾಡ್ತೈತೆ?”

“ಮೇಯ್ತೈತೆ. ಓಡ್ತೈತೆ.”

“ಸತ್ತ ಮೇಲೂ ಅದಿನ್ನೂ ಓಡ್ತಾನೇ ಐತೆ. ಬೇಯ್ಸೋನೂ ಓಡ್ತಾವ್ನೆ. ಇಬ್ಬರಲ್ಲಿ ಒಬ್ಬರಾದ್ರೂ ನಿಲ್ಲಬೇಡ್ವಾ?”

ಕೆಂಚನಿಗೆ ಅರ್ಥವಾಗಲಿಲ್ಲ. ಆದರೂ ತಲೆ ಜೋರಾಗಿಯೇ ಆಡಿಸಿದ.

“ಉಪ್ಪು, ಅರಿಶಿನ, ಗಟ್ಟಿ ಮೊಸರು ಹಚ್ಚಿ ಮಡಕೇಲಿಡು. ಮಡಕೆ ಮೇಲೆ ಒದ್ದೆ ಬಟ್ಟೆ ಸುತ್ತಿ ತಂಪಲ್ಲಿಡು. ನಾಳೆ ಬೆಳಿಗ್ಗೆವರೆಗೂ ಮುಟ್ಟಬೇಡ.”

“ನಾಳೆವರೆಗಾ! ಅವಳು ಕಾಯ್ತಾವ್ಳಲ್ಲವ್ವ.”

“ಅವಳು ಕಾಯ್ತಾಳೆ. ನಿನ್ನ ಕೈಲಿ ಆಗ್ತೈತಾ ನೋಡು. ಆಮೇಲೆ ತುಪ್ಪ ಬಿಡು, ಕೈ ಬಿಗಿ ಹಿಡೀಬೇಡ. ಕುರಿ ತನ್ನ ಕೊಬ್ಬು ತಾನೇ ತರ್ತೈತೆ. ಈ ಬಡಪಾಯಿ ಕಾಡೆಲ್ಲ ಸುತ್ತಿ ಮೈಯಲ್ಲಿ ಏನೂ ಇಟ್ಕೊಂಡಿಲ್ಲ, ನಾವೇ ಕೊಡಬೇಕು. ಬೆಳ್ಳುಳ್ಳಿ, ಕಾಳುಮೆಣಸು, ಒಂದಿಷ್ಟು ದನಿಯ. ಅಷ್ಟೇ.”

“ಚಕ್ಕೆ, ಲವಂಗ?”

“ಬಸುರಿ ಕೇಳಿದ್ದು ಕಡವೇನಾ, ನಿನ್ನ ಮಸಾಲೆ ಡಬ್ಬೀನಾ?”

ಕೆಂಚ ಬಾಯಿ ಮುಚ್ಚಿದ. ಮತ್ತೆ ತೆರೆದ. “ಸಣ್ಣ ಉರೀಲಿ ತಾನೆ? ಎಷ್ಟು ಹೊತ್ತು ಬೇಯ್ಸಲಿ?”

ದ್ಯಾವವ್ವ ಅವನ ಹೆಗಲು ಅದುಮಿ ಹೊಳೆಯ ಕಡೆ ಮುಖ ಮಾಡಿ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು.

ಕೆಂಚ ಸ್ವಲ್ಪ ಹೊತ್ತಿಗೇ ಎದ್ದ. ಮುದುಕಿ ಪಂಚೆ ಹಿಡಿದೆಳೆದು ಕೂರಿಸಿದಳು. ಮತ್ತೆ ಎದ್ದ, ಮತ್ತೆ ಕೂರಿಸಿದಳು. ಮೊಸರಿಗೆ ಯಾರ ಮನೆಗೆ ಹೋಗುವುದು, ಒದ್ದೆ ಬಟ್ಟೆ ಎಲ್ಲಿದೆ ಎಂದು ಅವನ ತಲೆ ಒಂದೇ ಸಮನೆ ಗಿರಗಿರ ತಿರುಗಿತು. ಆಚೆ ದಡದಲ್ಲಿ ಒಂದು ಮಿಂಚುಳ್ಳಿ ಬಂದು ಕೂತಿತು. ನೀರಿಗೆ ಬಿತ್ತು, ಬರಿಗೊಕ್ಕಿನಲ್ಲಿ ಮೇಲೆ ಬಂತು. ಮತ್ತೆ ಬಿತ್ತು. ಈ ಸಲ ಹಿಡಿಯುತ್ತದಾ? ಕೆಂಚ ನೋಡುತ್ತ ಕೂತ. ಮೀನು ಸಿಕ್ಕಿ ಹಕ್ಕಿ ಹಾರಿಹೋದಾಗ, ಕಾಲ ಬುಡದಲ್ಲಿದ್ದ ಹೊಂಗೆಯ ನೆರಳು ಆಗಲೇ ಮಾರುದೂರ ಸರಿದಿತ್ತು.

“ಇಷ್ಟು ಹೊತ್ತು,” ಎಂದಳು ದ್ಯಾವವ್ವ.

ಕೆಂಚ ಮನೆಗೆ ಓಡಿದ. ಓಡುವುದನ್ನು ಮಾತ್ರ ಅವನಿಗೆ ಯಾರೂ ಬಿಡಿಸುವಂತಿರಲಿಲ್ಲ.

ಮಾರನೆಯ ದಿನ ಒಲೆಯ ಮುಂದೆ ಕೂತವನು ಕೂತೇ ಇದ್ದ. ತುಪ್ಪದಲ್ಲಿ ಬೆಳ್ಳುಳ್ಳಿ ಚಟಪಟ ಅಂದಿತು. ಬಾಡು ಹಾಕಿ, ಮುಚ್ಚಳ ಮುಚ್ಚಿ, ಸೌದೆ ಹಿಂದಕ್ಕೆಳೆದು, ಕೆಂಡದ ಮೇಲೆ ಬಿಟ್ಟ. ಮುಚ್ಚಳ ತೆಗೆಯಲು ಹತ್ತು ಸಲ ಕೈ ಹೋಯಿತು. ಹತ್ತು ಸಲವೂ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತ. ಒಳಕೋಣೆಯಲ್ಲಿ ಚೆಲುವಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಹೊತ್ತಾದ ಮೇಲೆ ಮುಚ್ಚಳ ತೆಗೆದ. ಘಮ್ಮೆಂದಿತು! ಒಂದು ತುಂಡನ್ನು ಸೌಟಿನ ತುದಿಯಿಂದ ಒತ್ತಿದ. ಒತ್ತಿದ್ದಷ್ಟೇ, ಎಳೆಎಳೆಯಾಗಿ ಬಿಟ್ಟುಕೊಂಡಿತು.

“ಆಯ್ತು! ಆಯ್ತು!” ಕೆಂಚ ಅಡುಗೆಮನೆಯಲ್ಲೇ ಎರಡು ಹೆಜ್ಜೆ ಕುಣಿದ. ಮಡಕೆಗೆ ಬಟ್ಟೆ ಸುತ್ತಿ ಎತ್ತಿಕೊಂಡವನೇ ಹೊಳೆಯ ದಾರಿ ಹಿಡಿದು ಓಡಿದ. ದಾರಿಯಲ್ಲಿ ಎಡವಿದ, ಬೀಳಲಿಲ್ಲ. ಬಿಸಿಗೆ ಬೆರಳು ಚುರ್ ಎಂದರೂ ಬಿಡಲಿಲ್ಲ. ಮೂರು ವರ್ಷದಲ್ಲಿ ಗುರುವಿನ ಮುಂದೆ ಇಡಲು ಅವನಿಗೆ ಸಿಕ್ಕಿದ್ದು ಇದೊಂದೇ.

“ಅವ್ವಾ, ನೋಡು! ನೀನು ಹೇಳಿದಂಗೇ ಮಾಡಿದೆ. ಒಂದು ಎಳೆ ಬಾಯಿಗಿಟ್ಟು ಹೇಳು, ಸರಿಯಾಗೈತಾ?”

ದ್ಯಾವವ್ವ ಮಡಕೆ ನೋಡಿದಳು. ಅವನ ಬೆವರಿದ ಮುಖ ನೋಡಿದಳು. ಮುಚ್ಚಳವನ್ನು ಮತ್ತೆ ಮುಚ್ಚಿದಳು.

“ಲೋ ಕೆಂಚ, ಬಸುರಿ ಯಾರ್ಲಾ? ನಾನಾ, ನಿನ್ನ ಹೆಂಡ್ತೀನಾ?”

ಕೆಂಚ ನಿಂತಲ್ಲೇ ನಿಂತ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮನೆಗೆ ವಾಪಸ್ ಓಡಲು ತಿರುಗಿದರೆ, ದಾರಿಯಲ್ಲಿ ಚೆಲುವಿ.

ತಲೆ ಕೆದರಿತ್ತು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಊರಿಕೊಳ್ಳಲು ಒಂದು ಕೋಲು. ತಿಂಗಳಿಂದ ಹೊಸ್ತಿಲು ದಾಟದವಳು ವಾಸನೆಯ ಜಾಡು ಹಿಡಿದು ಹೊಳೆದಂಡೆಯವರೆಗೂ ನಡೆದು ಬಂದಿದ್ದಳು.

“ಅಲ್ಲಾ ಕಣ್ರೀ,” ಎಂದಳು, ಉಸಿರು ಸಿಕ್ಕಿದ ಮೇಲೆ. “ನನ್ನ ಬಾಡು ಎತ್ಕೊಂಡು ಎಲ್ಲಿಗೆ ಹೋಗ್ತಿದ್ದೀರಿ?”

ಕೆಂಚ ಮಡಕೆ ಮುಂದೆ ಹಿಡಿದ. ಅವಳು ಬಂಡೆಯ ಮೇಲೆ ಕೂತು, ಮಡಕೆಯನ್ನು ಮಡಿಲಿಗೆಳೆದುಕೊಂಡು, ಒಂದು ತುಂಡು ಬಾಯಿಗಿಟ್ಟಳು.

ಕೆಂಚ ಉಸಿರು ಬಿಗಿಹಿಡಿದ. ಮುದುಕಿಯೂ ಕತ್ತು ಚಾಚಿದಳು. ಈಗ ಬರುತ್ತದೆ ವಾಂತಿ, ಈಗ ಬರುತ್ತದೆ.

ಬರಲಿಲ್ಲ. ಚೆಲುವಿ ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು, ನುಂಗಿದಳು. ಇನ್ನೊಂದು ತುಂಡು ತೆಗೆದುಕೊಂಡಳು. ಆಮೇಲೆ ಇನ್ನೊಂದು. ತುಪ್ಪ ಮೊಣಕೈವರೆಗೂ ಇಳಿಯಿತು, ಒರೆಸಿಕೊಳ್ಳಲಿಲ್ಲ.

“ಉಪ್ಪು ಸರಿಯಾಗೈತಾ? ಖಾರ?” ಕೆಂಚ ಕೇಳಿದ. ಚೆಲುವಿ ಬೆರಳು ಚೀಪಿದಳು.

ಅವನಿಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಒಂದು ಎಳೆಯನ್ನೂ ಬಾಯಿಗಿಟ್ಟಿರಲಿಲ್ಲ. ಮಡಕೆಯತ್ತ ಕೈ ಚಾಚಿ, ಗುರುವಿನ ಕಡೆ ನೋಡಿದ.

“ಅವ್ವಾ, ರುಚಿ ಹೆಂಗಾಗೈತೆ ಅಂತ ನಾನೂ ಒಂದು ತುಂಡು ನೋಡ್ಲಾ?”

“ಮೊದ್ಲು ಅವಳ ಮುಖ ನೋಡ್ಲಾ,” ಎಂದಳು ದ್ಯಾವವ್ವ. “ಆಗ್ಲೂ ಗೊತ್ತಾಗ್ಲಿಲ್ಲ ಅಂದ್ರೆ, ತಿನ್ನು.”